ಹೆಸರು ಉಳಿದಾಗ ಉಳಿಯುವುದೇನು? ಹಿರಿಯ ರಾಕ್ ತಂಡಗಳ ಮರುಮಿಲನವನ್ನು ಕುರಿತು

(ಸಂಘದ ತಿಂಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕುಮಾರವ್ಯಾಸನನ್ನೂ ವಚನಕಾರರನ್ನೂ ಗಡಿಸಮಸ್ಯೆಯನ್ನೂ ಕುರಿತ ಮಾತುಗಳಿಗೆ ಕಿವಿಗೊಟ್ಟು ಪಳಗಿರುವ ಈ ಸಭೆಯ ಮುಂದೆ ಪಾಶ್ಚಾತ್ಯರ ಹಾರ್ಡ್ ರಾಕ್ ಸಂಗೀತವನ್ನು ಕುರಿತು ಮಾತನಾಡಲು ನಿಂತಿರುವುದು ನನಗೇ ಸಂಕೋಚದ ಸಂಗತಿಯಾಗಿದೆ. ವಿಷಯವನ್ನು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಸುಮ್ಮನಿದ್ದು, "ಆಗಲಿ, ಧ್ವನಿವರ್ಧಕಕ್ಕೆ ಹಾನಿಯಾಗದಿದ್ದರೆ ಸಾಕು" ಎಂದರು. ಅವರು ಆತಂಕಪಡಬೇಕಾಗಿಲ್ಲ. ನಾನು ಹಾಡುವವನೂ ಅಲ್ಲ, ನುಡಿಸುವವನೂ ಅಲ್ಲ. ಸುಮಾರು ನಾಲ್ಕು ದಶಕಗಳಿಂದ ಈ ಸಂಗೀತವನ್ನು ಕೇಳುತ್ತ ಬಂದಿರುವ ಒಬ್ಬ ಸಾಮಾನ್ಯ ಶ್ರೋತೃ ಮಾತ್ರ.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಇಷ್ಟು. ಐವತ್ತು ಅರವತ್ತು ವರ್ಷಗಳ ಹಿಂದೆ ಹುಟ್ಟಿದ ಒಂದು ತಂಡ ಒಡೆಯುತ್ತದೆ. ಸದಸ್ಯರು ಜಗಳವಾಡಿ ದೂರವಾಗುತ್ತಾರೆ, ಕೆಲವರು ತೀರಿಕೊಳ್ಳುತ್ತಾರೆ. ಮುಂದೊಂದು ದಿನ ಅದೇ ಹೆಸರಿನಲ್ಲಿ ಕೆಲವರು ಮತ್ತೆ ಒಂದುಗೂಡಿ ಹೊಸ ಧ್ವನಿಮುದ್ರಿಕೆಯನ್ನು ಹೊರತರುತ್ತಾರೆ, ವೇದಿಕೆಯನ್ನೇರುತ್ತಾರೆ. ಆಗ ನಾವು ಕೇಳುತ್ತಿರುವುದು ಏನನ್ನು? ಸಂಗೀತವನ್ನೋ, ನಮ್ಮದೇ ಯೌವನದ ನೆನಪನ್ನೋ, ಅಥವಾ ಕೇವಲ ಒಂದು ವ್ಯಾಪಾರಮುದ್ರೆಯನ್ನೋ? ಈ ಪ್ರಶ್ನೆ ಊರು ಬಿಟ್ಟು ಬಂದು ಸಂಘ ಕಟ್ಟಿಕೊಂಡಿರುವ ನಮಗೂ ಪೂರ್ತಿ ಹೊರಗಿನದಲ್ಲ ಎಂಬುದು ನನ್ನ ಭಾವನೆ.

1

ಈ ಸಂಗೀತದೊಂದಿಗೆ ನನ್ನ ಪರಿಚಯ ಆರಂಭವಾದದ್ದೇ ತಲೆಕೆಳಗಾಗಿ. 1986ರ ಸುಮಾರಿಗೆ ನಾನು ಧಾರವಾಡದಲ್ಲಿ ಪಿಯುಸಿ ವಿದ್ಯಾರ್ಥಿ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ನಾವು ನಾಲ್ವರು. ಅವರಲ್ಲೊಬ್ಬನ ಅಣ್ಣ ಕೊಲ್ಲಿ ದೇಶದಿಂದ ಬರುವಾಗ ಒಂದು ಟೇಪ್ ರೆಕಾರ್ಡರನ್ನೂ ಐದಾರು ಕ್ಯಾಸೆಟ್ಟುಗಳನ್ನೂ ತಂದಿದ್ದ. ಇಂಗ್ಲಿಷ್ ಉಚ್ಚಾರಣೆಯನ್ನು ಸುಧಾರಿಸಿಕೊಳ್ಳಲಿಕ್ಕೆಂದು ಮನೆಯವರಿಗೆ ಹೇಳಿ ಆ ಯಂತ್ರವನ್ನು ಅವನು ಹಾಸ್ಟೆಲಿಗೆ ಸಾಗಿಸಿದ್ದ. ಅದರಲ್ಲಿ ನಾವು ಮೊದಲು ಕೇಳಿದ್ದು ಡೀಪ್ ಪರ್ಪಲ್ ತಂಡದ 'ಪರ್ಫೆಕ್ಟ್ ಸ್ಟ್ರೇಂಜರ್ಸ್'. ಅದರ ಆರಂಭದ ಆರ್ಗನ್ ನಾದ ಕೋಣೆಯನ್ನು ತುಂಬಿದ ಆ ಸಂಜೆ ನನಗೆ ಇಂದಿಗೂ ನೆನಪಿದೆ.

ಇದೇ ಆ ತಂಡದ ಮೊದಲ ಕೃತಿಯೆಂದು ನಾವು ನಂಬಿದ್ದೆವು. ಬಹಳ ಕಾಲದ ನಂತರ ತಿಳಿಯಿತು: ಇಂಗ್ಲೆಂಡಿನಲ್ಲಿ 1968ರಲ್ಲಿ ಹುಟ್ಟಿದ್ದ ಆ ತಂಡ 1976ರಲ್ಲಿ ಚದುರಿಹೋಗಿತ್ತು. 1970ರ 'ಇನ್ ರಾಕ್', 1972ರ 'ಮೆಷೀನ್ ಹೆಡ್' ಮೊದಲಾದ ಪ್ರಸಿದ್ಧ ಕೃತಿಗಳನ್ನು ರಚಿಸಿದ ಐವರು, ಅಂದರೆ ಗಾಯಕ ಇಯಾನ್ ಗಿಲನ್, ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್ನಿನ ಜಾನ್ ಲಾರ್ಡ್, ಬೇಸ್ ಗಿಟಾರಿನ ರೋಜರ್ ಗ್ಲೋವರ್, ಡ್ರಮ್ಸಿನ ಇಯಾನ್ ಪೇಯ್ಸ್, 1984ರಲ್ಲಿ ಮತ್ತೆ ಕೂಡಿ ಮಾಡಿದ ಕೃತಿ ಅದು. ಎಂದರೆ, ನಾವು ಆದಿಯೆಂದು ಭಾವಿಸಿದ್ದು ಮರುಮಿಲನವಾಗಿತ್ತು! ಭಾರತದಲ್ಲಿ ನನ್ನ ತಲೆಮಾರಿನ ಬಹುಪಾಲು ಕೇಳುಗರ ಅನುಭವ ಇದೇ. ಚರಿತ್ರೆ ನಮಗೆ ಕ್ರಮವಾಗಿ ದೊರೆಯಲಿಲ್ಲ. ಯಾರೋ ತಂದ ಪೆಟ್ಟಿಗೆಯಲ್ಲಿ ಹೇಗಿತ್ತೋ ಹಾಗೆ ದೊರೆಯಿತು.

ಇದನ್ನು ಹೇಳಲು ಕಾರಣವಿದೆ. ಮರುಮಿಲನದ ಕೃತಿಗಳೆಲ್ಲ ಮೂಲದ ಮಸುಕಾದ ನೆರಳುಗಳು ಎಂಬ ಮಾತು ಅಭಿಮಾನಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಮೂಲವನ್ನು ಮೊದಲು ಕೇಳಿದವರಿಗೆ ಹಾಗೆ ತೋರುವುದು ಸಹಜ. ಆದರೆ ನೆರಳೆಂದು ತಿಳಿಯದೆಯೇ ಅದನ್ನು ಕೇಳಿದ ನಮಗೆ ಅದು ಮರವಾಗಿಯೇ ಕಂಡಿತ್ತು. ಆದ್ದರಿಂದ ಮರುಮಿಲನ ಎಂದ ಮಾತ್ರಕ್ಕೆ ಮೂಗು ಮುರಿಯುವವರ ಪಂಗಡಕ್ಕೆ ನಾನು ಸೇರಿದವನಲ್ಲ.

2

ಆದರೂ ಹೆಸರಿನ ಪ್ರಶ್ನೆ ಇದ್ದೇ ಇದೆ. ಅದಕ್ಕೆ ಇದೇ ತಂಡದ ಇತಿಹಾಸದಲ್ಲಿ ವಿಚಿತ್ರವಾದೊಂದು ಪ್ರಕರಣವಿದೆ. ತಂಡ ಚದುರಿದ್ದ ಕಾಲದಲ್ಲಿ, 1980ರಲ್ಲಿ, ಅದರ ಮೊತ್ತಮೊದಲ ಗಾಯಕ ರಾಡ್ ಎವನ್ಸ್ ತಂಡಕ್ಕೆ ಯಾವ ಸಂಬಂಧವೂ ಇಲ್ಲದ ಕೆಲವು ವಾದಕರನ್ನು ಕೂಡಿಕೊಂಡು ಅಮೆರಿಕಾ, ಮೆಕ್ಸಿಕೋಗಳಲ್ಲಿ ಡೀಪ್ ಪರ್ಪಲ್ ಎಂಬ ಹೆಸರಿನಲ್ಲಿಯೇ ಪ್ರದರ್ಶನಗಳನ್ನು ನೀಡತೊಡಗಿದ. ವಿಷಯ ನ್ಯಾಯಾಲಯಕ್ಕೆ ಹೋಯಿತು. 6,72,000 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಆತ ನಿಜವಾಗಿಯೂ ಹಾಡಿದ್ದ ಮೊದಲ ಮೂರು ಧ್ವನಿಮುದ್ರಿಕೆಗಳ ರಾಯಧನವನ್ನೂ ಕಳೆದುಕೊಂಡ.

ಈ ತೀರ್ಪು ನ್ಯಾಯವಾದದ್ದೇ. ಟಿಕೇಟು ಕೊಂಡ ಜನ ವಂಚಿತರಾಗಿದ್ದರು. ಆದರೆ ಅದರ ತರ್ಕವನ್ನು ಮುಂದುವರಿಸಿ ನೋಡಿ. ಒಬ್ಬ ಹಳೆಯ ಸದಸ್ಯ ಮಾತ್ರ ಇರುವ ತಂಡ ನಕಲಿಯಾದರೆ, ಇಬ್ಬರಿದ್ದರೆ ಅಸಲಿಯೇ? ಮೂವರಿದ್ದರೆ? 1968ರಿಂದ ಈವರೆಗೆ ಡೀಪ್ ಪರ್ಪಲ್ಲಿನ ಎಲ್ಲ ಅವತಾರಗಳಲ್ಲಿಯೂ ಇದ್ದವನು ಇಯಾನ್ ಪೇಯ್ಸ್ ಒಬ್ಬನೇ. ಕಾನೂನು ಹೆಸರನ್ನು ಆಸ್ತಿಯೆಂದು ಪರಿಗಣಿಸುತ್ತದೆ. ಅದರ ವಾರಸುದಾರರು ಯಾರೆಂಬುದನ್ನು ಕಾಗದಪತ್ರಗಳಿಂದ ನಿರ್ಣಯಿಸುತ್ತದೆ. ಸರ್ಕಾರಿ ಕಡತಗಳ ನಡುವೆ ಬದುಕುವ ನನಗೆ ಈ ವಿಧಾನದ ಬಗ್ಗೆ ಗೌರವವಿದೆ. ಆದರೆ ಕಿವಿ ಕೇಳುವ ಸಾಕ್ಷ್ಯ ಬೇರೆ.

1993ರಲ್ಲಿ ಬ್ಲ್ಯಾಕ್‌ಮೋರ್ ಪ್ರವಾಸದ ನಡುವೆಯೇ ತಂಡವನ್ನು ತೊರೆದ. ಅವನ ಜಾಗಕ್ಕೆ ಅಮೆರಿಕದ ಸ್ಟೀವ್ ಮೋರ್ಸ್ ಬಂದ. 1995ರಲ್ಲಿ ಅವರು ಇದೇ ಮುಂಬಯಿಗೆ ಬಂದಾಗ ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನಗಳಾಗಿರಲಿಲ್ಲ. ಸಂಬಳದ ಗಣನೀಯ ಭಾಗವನ್ನು ತೆತ್ತು ಹೋದೆ. ಆದರೆ ಮನಸ್ಸಿನಲ್ಲಿ ಮುನಿಸಿತ್ತು. ಬ್ಲ್ಯಾಕ್‌ಮೋರ್ ಇಲ್ಲದ ಡೀಪ್ ಪರ್ಪಲ್ ನನ್ನ ಪಾಲಿಗೆ ಅರ್ಧ ತಂಡ. ಆ ರಾತ್ರಿ ಮೋರ್ಸ್ ನುಡಿಸಿದ ಪ್ರತಿಯೊಂದು ಸ್ವರವನ್ನೂ ಹಳೆಯ ಕ್ಯಾಸೆಟ್ಟಿನ ಸ್ವರದೊಂದಿಗೆ ತಾಳೆ ನೋಡಿ ಅಂಕ ಕಳೆಯುತ್ತ ಕುಳಿತಿದ್ದೆ. ಮರುವರ್ಷ, 1996ರಲ್ಲಿ, 'ಪರ್ಪೆಂಡಿಕ್ಯುಲರ್' ಹೊರಬಂತು. ಕೇಳಿದಾಗ ನನ್ನ ತಪ್ಪು ನನಗೆ ತಿಳಿಯಿತು. ಮೂಲ ಐವರೂ ಇದ್ದ 1993ರ 'ದ ಬ್ಯಾಟಲ್ ರೇಜಸ್ ಆನ್' ಧ್ವನಿಮುದ್ರಿಕೆಯಲ್ಲಿ ಐವರು ದಣಿದ ಮನುಷ್ಯರು ಒಬ್ಬರನ್ನೊಬ್ಬರು ಸಹಿಸಿಕೊಳ್ಳುತ್ತಿರುವುದು ಕೇಳಿಸುತ್ತದೆ. 1996ರದರಲ್ಲಿ ಜನ ಒಬ್ಬರ ಮಾತನ್ನೊಬ್ಬರು ಕೇಳುತ್ತಿರುವುದು ಕೇಳಿಸುತ್ತದೆ. ಸದಸ್ಯರ ಪಟ್ಟಿ ಪೂರ್ಣವಾಗಿದ್ದಾಗ ತಂಡ ಸತ್ತಿತ್ತು, ಪಟ್ಟಿ ಮುರಿದಾಗ ಜೀವ ಬಂತು.

ಇದೇ ತಂಡಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಜಾನ್ ಲಾರ್ಡ್ ರಾಕ್ ತಂಡಕ್ಕೂ ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದಕ್ಕೂ ಸೇರಿಸಿ ಒಂದು ಕೃತಿಯನ್ನು ರಚಿಸಿದ್ದ. 1969ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅದು ಪ್ರದರ್ಶಿತವಾಯಿತು. ಅನಂತರ ಅದರ ಸ್ವರಲಿಪಿಯ ಹಸ್ತಪ್ರತಿಯೇ ಕಳೆದುಹೋಯಿತು. ಮೂರು ದಶಕಗಳ ತರುವಾಯ ಮಾರ್ಕೋ ಡಿ ಹೂಯ್ ಎಂಬ ಡಚ್ ಸಂಗೀತಜ್ಞ ಹಳೆಯ ಧ್ವನಿಮುದ್ರಣವನ್ನೂ ಚಿತ್ರಿಕೆಯನ್ನೂ ಮತ್ತೆ ಮತ್ತೆ ಕೇಳಿ ನೋಡಿ, ಪ್ರತಿಯೊಂದು ವಾದ್ಯದ ಪಾಲನ್ನೂ ಬರೆದು, ಲಾರ್ಡ್‌ನ ಸಹಕಾರದಿಂದ ಅದನ್ನು ಪುನಾರಚಿಸಿದ. 1999ರಲ್ಲಿ ಅದೇ ಸಭಾಂಗಣದಲ್ಲಿ ಅದು ಮತ್ತೆ ನುಡಿಯಿತು. ನಮ್ಮಲ್ಲಿ ಗೆದ್ದಲು ತಿಂದ ಓಲೆಗರಿಗಳಿಂದ ಪಾಠ ಸಂಪಾದಿಸಿದ ಪಂಡಿತರನ್ನು ಬಲ್ಲ ನಿಮಗೆ ಈ ಶ್ರಮದ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ. ಮರುಮಿಲನವೆಂದರೆ ಇದೂ ಹೌದು; ಇಲ್ಲಿ ಮತ್ತೆ ಕೂಡಿದ್ದು ಮನುಷ್ಯರಿಗಿಂತ ಹೆಚ್ಚಾಗಿ ಒಂದು ಕೃತಿ ಮತ್ತು ಅದರ ಕೇಳುಗ.

3

ಈ ಹಂತದಲ್ಲಿ ಸಭೆಯಲ್ಲಿರುವ ಕರಾವಳಿಯ ಮಿತ್ರರು ಒಂದು ಆಕ್ಷೇಪಣೆಯನ್ನು ಎತ್ತಬಹುದು. ಧರ್ಮಸ್ಥಳದ ಮೇಳ, ಮಂದಾರ್ತಿಯ ಮೇಳ, ಕಟೀಲಿನ ಮೇಳ ಎನ್ನುತ್ತೇವೆ. ಒಂದು ತಿರುಗಾಟದಿಂದ ಇನ್ನೊಂದಕ್ಕೆ ವೇಷಧಾರಿಗಳು ಬದಲಾಗುತ್ತಾರೆ, ಭಾಗವತರು ಬದಲಾಗುತ್ತಾರೆ. ಮಳೆಗಾಲದಲ್ಲಿ ಮುಂಬಯಿಗೆ ಯಕ್ಷಗಾನ ತಂಡಗಳು ಬಂದಾಗ, ಮೂವತ್ತು ವರ್ಷಗಳ ಹಿಂದಿನ ಕಲಾವಿದರು ಇಲ್ಲವಾದ್ದರಿಂದ ಇದು ನಕಲಿ ಮೇಳವೆಂದು ಯಾರೂ ಹೇಳುವುದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಮಗ ಶಂಭು ಹೆಗಡೆಯವರ ಕೈಗೆ ಬಂದು, ಅಲ್ಲಿಂದ ಮೊಮ್ಮಗ ಶಿವಾನಂದ ಹೆಗಡೆಯವರಿಗೆ ಬಂದಿತು. ಅದನ್ನು ನಾವು ಪರಂಪರೆಯೆಂದು ಗೌರವಿಸುತ್ತೇವೆ. ಹಾಗಾದರೆ ರಾಕ್ ತಂಡಗಳಿಗೆ ಮಾತ್ರ ಬೇರೆ ನ್ಯಾಯವೇಕೆ?

ನಾನು ಈ ಬಗ್ಗೆ ಸಾಕಷ್ಟು ಯೋಚಿಸಿದ್ದೇನೆ. ಮೇಳದ ಹೆಸರು ಕ್ಷೇತ್ರಕ್ಕೆ ಸೇರಿದ್ದು. ಅದು ಆಡುವ ಪ್ರಸಂಗ ಬೇರೊಬ್ಬ ಕವಿಯದು, ಬಹುಮಟ್ಟಿಗೆ ಎಲ್ಲ ಮೇಳಗಳಿಗೂ ಸಾಮಾನ್ಯವಾದದ್ದು. ಹೆಜ್ಜೆಗೂ ಚಂಡೆಯ ಪೆಟ್ಟಿಗೂ ಶಿಕ್ಷಣಕ್ರಮವಿದೆ. ಕಲಾವಿದನಿಗಿಂತ ಮೊದಲು ಅವೆಲ್ಲ ಇದ್ದವು, ನಂತರವೂ ಇರುತ್ತವೆ. ರಾಕ್ ತಂಡದಲ್ಲಿ ಹಾಗಲ್ಲ. ನಾಲ್ಕೈದು ಹುಡುಗರು ಒಂದು ಕೋಣೆಯಲ್ಲಿ ಸೇರಿ, ಬರೆದಿಟ್ಟ ಪಾಠವಿಲ್ಲದೆ, ಒಬ್ಬರ ನುಡಿಸಾಣಿಕೆಗೆ ಇನ್ನೊಬ್ಬರು ಉತ್ತರ ಕೊಡುತ್ತ ಹಾಡನ್ನು ಕಟ್ಟುತ್ತಾರೆ. ಅವರ ಕೈಬೆರಳ ಗುಣವೇ ಅಲ್ಲಿ ರಚನೆ. ಆದ್ದರಿಂದ ಒಬ್ಬನನ್ನು ತೆಗೆದರೆ ರಚನೆಯೇ ಬದಲಾಗುತ್ತದೆ.

ಆದರೆ ಈ ಸಂಗೀತಕ್ಕೂ ಈಗ ಅರವತ್ತರ ಹತ್ತಿರ ವಯಸ್ಸಾಯಿತು. ಅದು ಯೌವನದ ಕೋಣೆಯಿಂದ ಹೊರಬಂದು ಮೇಳದ ಸ್ಥಿತಿಗೆ ನಿಧಾನವಾಗಿ ಸಾಗುತ್ತಿದೆ. ಆಸ್ಟ್ರೇಲಿಯಾದ ಎಸಿಡಿಸಿ ತಂಡವನ್ನು ನೋಡಿ. ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ತೀರಿಕೊಂಡ. ಐದೇ ತಿಂಗಳಲ್ಲಿ ಬ್ರಯನ್ ಜಾನ್ಸನ್ನನ ಕಂಠದಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಬಂತು. ಮರೆವಿನ ಕಾಯಿಲೆಯಿಂದ ಮಾಲ್ಕಮ್ ಯಂಗ್ 2014ರಲ್ಲಿ ನಿವೃತ್ತನಾದಾಗ ಅವನ ಸೋದರನ ಮಗ ಸ್ಟೀವಿ ಯಂಗ್ ಅದೇ ಗಿಟಾರಿನ ಜಾಗದಲ್ಲಿ ನಿಂತ. ಮಾಲ್ಕಮ್ 2017ರಲ್ಲಿ ತೀರಿಕೊಂಡ ಮೇಲೆ, ಅವನೂ ತಮ್ಮ ಆಂಗಸ್ಸನೂ ಹಿಂದೆ ಕಟ್ಟಿಟ್ಟಿದ್ದ ಸ್ವರಕಲ್ಪನೆಗಳಿಂದ 2020ರ 'ಪವರ್ ಅಪ್' ರೂಪುಗೊಂಡಿತು. ಅಲ್ಲಿ ಹೊಸದೇನೂ ಇಲ್ಲವೆಂದು ಕೆಲವರು ಟೀಕಿಸಿದರು. ಹೊಸದನ್ನು ಹುಡುಕಿ ಆ ತಂಡದ ಬಳಿಗೆ ಯಾರೂ ಹೋಗುವುದಿಲ್ಲ. ತೀರಿಹೋದ ಅಣ್ಣನ ಮಾತನ್ನು ತಮ್ಮ ಪೂರ್ಣಗೊಳಿಸಿದ ಕೃತಿ ಅದು. ನನಗೆ ಆ ಪ್ರಾಮಾಣಿಕತೆ ಸಾಕು.

4

ಈಗ ಬ್ಲ್ಯಾಕ್ ಸಬಾತ್ ತಂಡದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಸಂಗೀತದ ಜೊತೆಗೆ ದುಡಿಮೆಯ ಪ್ರಶ್ನೆಯೂ ಸೇರಿಕೊಂಡಿದೆ.

ಬರ್ಮಿಂಗ್‌ಹ್ಯಾಮಿನ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ ಬೆಳೆದ ನಾಲ್ವರು: ಗಾಯಕ ಆಜಿ ಆಸ್ಬರ್ನ್, ಗಿಟಾರಿನ ಟೋನಿ ಅಯೋಮಿ, ಬೇಸಿನ ಗೀಜರ್ ಬಟ್ಲರ್, ಡ್ರಮ್ಸಿನ ಬಿಲ್ ವಾರ್ಡ್. ಅಯೋಮಿ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ, ಕೆಲಸ ಬಿಡುವ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡ. ಎಡಗೈಯವನಾದ ಅವನಿಗೆ ತಂತಿಯನ್ನು ಒತ್ತುವ ಕೈ ಅದೇ. ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಹಗುರವಾದ ತಂತಿಗಳನ್ನು ಹಾಕಿಕೊಂಡ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೂ ಇಳಿಸಿದ. ಜಗತ್ತು ಹೆವಿ ಮೆಟಲ್ ಎಂದು ಕರೆಯುವ ಆ ಭಾರವಾದ ನಾದದ ಹಿಂದೆ ಒಂದು ಕಾರ್ಖಾನೆಯ ಅಪಘಾತವಿದೆ. ಗಿರಣಿಗಳ ನಗರವಾಗಿದ್ದ ಮುಂಬಯಿಯಲ್ಲಿ ಕುಳಿತು ಇದನ್ನು ಕೇಳುವಾಗ ಆ ನಾದ ನನಗೆ ಪರದೇಶದ್ದೆಂದು ಅನ್ನಿಸಿದ್ದೇ ಇಲ್ಲ.

ಆಸ್ಬರ್ನ್‌ನನ್ನು 1979ರಲ್ಲಿ ತಂಡದಿಂದ ಹೊರಹಾಕಿದರು. ನಾಲ್ವರೂ 1997ರಲ್ಲಿ ತಮ್ಮ ಊರಿನಲ್ಲೇ ಮತ್ತೆ ಕೂಡಿದರು. ಅದರ ಮುದ್ರಣ ಮರುವರ್ಷ ಪ್ರಕಟವಾಯಿತು. 2011ರ ನವೆಂಬರ್ 11ರಂದು ಹೊಸ ಧ್ವನಿಮುದ್ರಿಕೆ ಮತ್ತು ಪ್ರವಾಸವನ್ನು ನಾಲ್ವರೂ ಸೇರಿ ಘೋಷಿಸಿದರು. ಕೆಲವೇ ತಿಂಗಳಲ್ಲಿ ಬಿಲ್ ವಾರ್ಡ್, ತಾನು ಸಹಿ ಹಾಕಬಹುದಾದಂಥ ಕರಾರು ದೊರೆಯದೆ ತಾನು ಭಾಗವಹಿಸುವುದಿಲ್ಲವೆಂದು ಬಹಿರಂಗವಾಗಿ ತಿಳಿಸಿದ. ಉಳಿದವರು ಅವನಿಲ್ಲದೆ ಮುಂದುವರಿದರು. 2013ರಲ್ಲಿ ಹೊರಬಂದ '13' ಎಂಬ ಆ ಧ್ವನಿಮುದ್ರಿಕೆಯಲ್ಲಿ ಡ್ರಮ್ಸ್ ನುಡಿಸಿದವನು ಇನ್ನೊಂದು ತಂಡದ ಬ್ರ್ಯಾಡ್ ವಿಲ್ಕ್. 1970ರ 'ಪ್ಯಾರನಾಯ್ಡ್' ನಂತರ ಮೊದಲ ಬಾರಿಗೆ ತಂಡ ಬ್ರಿಟನ್ನಿನ ಮಾರಾಟಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿತು. ಈ ನಡುವೆ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಲೇ ಅಯೋಮಿ ಇದನ್ನು ಮಾಡಿದನೆಂಬುದನ್ನು ಮರೆಯಬಾರದು.

ಆದರೂ ನನ್ನ ಅಭಿಪ್ರಾಯವನ್ನು ಮರೆಮಾಚುವುದಿಲ್ಲ. '13' ಸಮರ್ಥವಾದ ಕೃತಿ, ಜೀವಂತ ಕೃತಿಯಲ್ಲ. ನಿರ್ಮಾಪಕ ರಿಕ್ ರೂಬಿನ್ 1970ರ ಸಬಾತ್‌ನ ನಾದವನ್ನು ಮರಳಿ ಪಡೆಯಬೇಕೆಂದು ಹಟತೊಟ್ಟಂತೆ ಕೇಳಿಸುತ್ತದೆ. ಆದರೆ ಆ ನಾದದಲ್ಲಿ ವಾರ್ಡ್‌ನ ಪಾಲು ದೊಡ್ಡದಿತ್ತು. ಅವನು ಗಡಿಯಾರದಂತೆ ತಾಳ ಹಾಕುವವನಲ್ಲ. ಗಿಟಾರಿನ ಹಿಂದೆ ಸ್ವಲ್ಪ ತಡೆದು, ಸ್ವಲ್ಪ ತೂಗಿ, ಜಾಜ್ ಸಂಗೀತಗಾರರಂತೆ ನುಡಿಸುವವನು. ಆ ತೂಗಾಟವಿಲ್ಲದೆ ಅಯೋಮಿಯ ಸ್ವರಗಳು ಬರಿಯ ಭಾರವಾಗುತ್ತವೆ. ಕರಾರಿನಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ತೀರ್ಮಾನಿಸಲು ನನ್ನ ಬಳಿ ಕಡತವಿಲ್ಲ. ನಾಲ್ವರು ಕೂಡಿ ಕಟ್ಟಿದ ಮನೆಯಲ್ಲಿ ಒಬ್ಬನ ಪಾಲನ್ನು ಕೂಲಿಯ ಲೆಕ್ಕಕ್ಕೆ ಇಳಿಸಬಹುದೆಂದು ತೋರಿದ ಕ್ಷಣದಲ್ಲೇ ಮರುಮಿಲನ ಎಂಬ ಮಾತು ಅರ್ಥ ಕಳೆದುಕೊಳ್ಳುತ್ತದೆ ಎಂದಷ್ಟೇ ಹೇಳಬಲ್ಲೆ. 2017ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ವಿದಾಯದ ಪ್ರದರ್ಶನದಲ್ಲೂ ವಾರ್ಡ್ ಇರಲಿಲ್ಲ.

ಈ ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಇಷ್ಟು ವಿಸ್ತಾರವಾಗಿ ಹೇಳುತ್ತಿರಲಿಲ್ಲ. 2025ರ ಜುಲೈ 5ರಂದು ಅದೇ ಆಸ್ಟನ್ನಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ನಾಲ್ವರೂ ಇಪ್ಪತ್ತು ವರ್ಷಗಳ ನಂತರ ಒಟ್ಟಿಗೆ ವೇದಿಕೆಯನ್ನೇರಿದರು. ಉದ್ದೇಶ ಧರ್ಮಾರ್ಥ: ಪಾರ್ಕಿನ್ಸನ್ ಕಾಯಿಲೆಯ ಸಂಶೋಧನೆಗೆ, ಮಕ್ಕಳ ಆಸ್ಪತ್ರೆಗೆ, ಮಕ್ಕಳ ಆರೈಕೆಯ ಧಾಮಕ್ಕೆ ನೆರವು. ಸ್ವತಃ ಪಾರ್ಕಿನ್ಸನ್ ಪೀಡಿತನಾಗಿದ್ದ ಆಸ್ಬರ್ನ್ ನಿಲ್ಲಲಾರದೆ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದ. ನಾಲ್ವರೂ ಕೂಡಿ ನುಡಿಸಿದ್ದು ಕೇವಲ ನಾಲ್ಕು ಹಾಡುಗಳು. ಕಂಠ ನಡುಗಿತು, ತಾಳ ಅಲ್ಲಲ್ಲಿ ಜಾರಿತು. ಹದಿನೇಳು ದಿನಗಳ ನಂತರ, ಜುಲೈ 22ರಂದು, ಆಸ್ಬರ್ನ್ ತೀರಿಕೊಂಡ.

ಹಾಸ್ಟೆಲಿನ ನಮ್ಮ ನಾಲ್ವರಲ್ಲಿ ಆ ಟೇಪ್ ರೆಕಾರ್ಡರಿನ ಒಡೆಯ 2021ರ ಸಾಂಕ್ರಾಮಿಕದ ಎರಡನೆಯ ಅಲೆಯಲ್ಲಿ ನಮ್ಮನ್ನು ಅಗಲಿದ. ಉಳಿದ ಮೂವರು ಮೂರು ಊರುಗಳಲ್ಲಿ ಕುಳಿತು, ದೂರವಾಣಿಯಲ್ಲಿ ಪರಸ್ಪರ ಮಾತನಾಡುತ್ತ, ಆ ಕಾರ್ಯಕ್ರಮದ ಪ್ರಸಾರವನ್ನು ನಡುರಾತ್ರಿ ನೋಡಿದೆವು. ವಾರ್ಡ್ ತನ್ನ ಡ್ರಮ್ಸಿನ ಹಿಂದೆ ಕುಳಿತದ್ದು ಕಂಡಾಗ ಮೂವರೂ ಮಾತು ನಿಲ್ಲಿಸಿದೆವು. ಸಂಗೀತದ ಮಾನದಂಡದಿಂದ '13' ಹೆಚ್ಚು ಅಚ್ಚುಕಟ್ಟು. ಆದರೆ ಎರಡರಲ್ಲಿ ಯಾವುದು ಬ್ಲ್ಯಾಕ್ ಸಬಾತ್ ಎಂದು ಕೇಳಿದರೆ ನನ್ನ ಉತ್ತರಕ್ಕೆ ಅನುಮಾನವಿಲ್ಲ.

5

ಬೇಡವೆನ್ನುವುದೂ ಒಂದು ಉತ್ತರ. ಲೆಡ್ ಜೆಪ್ಲಿನ್ ತಂಡದ ಡ್ರಮ್ಸ್ ವಾದಕ ಜಾನ್ ಬಾನಮ್ 1980ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ, ಅದೇ ವರ್ಷದ ಕೊನೆಗೆ, ಉಳಿದ ಮೂವರು ತಂಡವನ್ನು ಮುಗಿಸಿದರು. 1985ರ ಲೈವ್ ಏಡ್ ಕಾರ್ಯಕ್ರಮದಲ್ಲಿ ಸಿದ್ಧತೆಯಿಲ್ಲದೆ ನುಡಿಸಿ ಪೇಚಿಗೆ ಸಿಲುಕಿದರು. ಮುಂದೆ ಅದರ ಅಧಿಕೃತ ಚಿತ್ರಿಕೆಯಲ್ಲಿ ತಮ್ಮ ಭಾಗವನ್ನು ಸೇರಿಸಲು ಒಪ್ಪಲಿಲ್ಲ. 2007ರ ಡಿಸೆಂಬರ್ 10ರಂದು, ತಮ್ಮನ್ನು ಬೆಳಕಿಗೆ ತಂದ ಅಹ್ಮೆತ್ ಎರ್ತೆಗುನ್‌ನ ಸ್ಮರಣೆಗಾಗಿ ಲಂಡನ್ನಿನಲ್ಲಿ ಒಂದೇ ಒಂದು ಪೂರ್ಣ ಪ್ರದರ್ಶನ ನೀಡಿದರು. ಡ್ರಮ್ಸ್ ನುಡಿಸಿದವನು ಬಾನಮ್‌ನ ಮಗ ಜೇಸನ್. ಟಿಕೇಟಿಗಾಗಿ ಎರಡು ಕೋಟಿ ಕೋರಿಕೆಗಳು ಬಂದವೆಂದು ವರದಿಯಾಯಿತು. ಇಡೀ ಜಗತ್ತು ಪ್ರವಾಸಕ್ಕಾಗಿ ಅಂಗಲಾಚಿದಾಗ ಗಾಯಕ ರಾಬರ್ಟ್ ಪ್ಲಾಂಟ್ ಒಪ್ಪಲಿಲ್ಲ. ತನ್ನ ಹೊಸ ಸಂಗೀತದ ಕಡೆಗೆ ಹೊರಟುಹೋದ.

ಅಭಿಮಾನಿಯಾಗಿ ನನಗೆ ಅಂದು ಸಿಟ್ಟು ಬಂದಿತ್ತು. ಇಂದು ಅವನ ನಿಲುವು ಅರ್ಥವಾಗುತ್ತದೆ. ಇದೇ ಪ್ಲಾಂಟ್ ಮತ್ತು ಗಿಟಾರಿನ ಜಿಮ್ಮಿ ಪೇಜ್ 1972ರಲ್ಲಿ ಈ ಮುಂಬಯಿಗೆ ಬಂದು, ಇಲ್ಲಿಯ ವಾದಕರನ್ನು ಕೂಡಿಸಿಕೊಂಡು, ತಮ್ಮ ಎರಡು ಹಾಡುಗಳನ್ನು ಪ್ರಯೋಗಾರ್ಥವಾಗಿ ಮುದ್ರಿಸಿದ್ದರು. ಆ ಮುದ್ರಣ ಅಧಿಕೃತವಾಗಿ ಪ್ರಕಟವಾದದ್ದು 2015ರಲ್ಲಿ. ಹೊಸದನ್ನು ಹುಡುಕಿ ಇಷ್ಟು ದೂರ ಬಂದ ಮನುಷ್ಯನನ್ನು, ಮೂವತ್ತೈದು ವರ್ಷಗಳ ಹಿಂದಿನ ಹಾಡನ್ನು ಪ್ರತಿರಾತ್ರಿ ಹಾಡೆಂದು ಬಲವಂತಪಡಿಸುವ ಹಕ್ಕು ನನಗೆಲ್ಲಿದೆ?

ಇದಕ್ಕೆ ಪ್ರತಿಯಾಗಿ ಗನ್ಸ್ ಎನ್ ರೋಸಸ್ ತಂಡದ ಉದಾಹರಣೆಯಿದೆ. 2012ರ ಡಿಸೆಂಬರಿನಲ್ಲಿ ಅವರು ಬೆಂಗಳೂರಿಗೂ ಮುಂಬಯಿಗೂ ಬಂದಾಗ ಆರಂಭದ ಐವರಲ್ಲಿ ಇದ್ದವನು ಗಾಯಕ ಆಕ್ಸಲ್ ರೋಸ್ ಒಬ್ಬನೇ. ಗಿಟಾರಿನ ಸ್ಲ್ಯಾಶ್, ಬೇಸಿನ ಡಫ್ ಮಕೇಗನ್ 2016ರಲ್ಲಿ ಮರಳಿದರು. 2025ರ ಮೇ ತಿಂಗಳಲ್ಲಿ ಮಹಾಲಕ್ಷ್ಮಿಯ ರೇಸ್ ಕೋರ್ಸ್ ಮೈದಾನದಲ್ಲಿ ನಾನು ಅವರನ್ನು ಕೇಳಿದೆ. ಮುಂಬಯಿಯ ಎರಡೂ ಪ್ರದರ್ಶನಗಳಿಗೆ ಹೋದವನಾಗಿ ಹೇಳುತ್ತೇನೆ: ಮೊದಲ ಬಾರಿ ಆಕ್ಸಲ್‌ನ ಕಂಠ ಇನ್ನೂ ದೃಢವಾಗಿತ್ತು, ಎರಡನೆಯ ಬಾರಿ ತೆಳುವಾಗಿತ್ತು. ಆದರೂ ಮೊದಲನೆಯದು ಹೆಸರಿನ ಪ್ರದರ್ಶನ, ಎರಡನೆಯದು ತಂಡದ ಪ್ರದರ್ಶನ.

ಇಲ್ಲಿ ಐರನ್ ಮೇಡನ್ ತಂಡವನ್ನು ಹೊಗಳದೆ ಮುಂದೆ ಹೋಗಲಾರೆ. 1993ರಲ್ಲಿ ಬಿಟ್ಟುಹೋಗಿದ್ದ ಗಾಯಕ ಬ್ರೂಸ್ ಡಿಕಿನ್ಸನ್ 1999ರಲ್ಲಿ ಮರಳಿದಾಗ, ಅವರು ಹಳೆಯ ಹಾಡುಗಳ ಜಾತ್ರೆಯನ್ನಷ್ಟೇ ನಡೆಸಿ ಸುಮ್ಮನಾಗಲಿಲ್ಲ. 2000ದಲ್ಲಿ 'ಬ್ರೇವ್ ನ್ಯೂ ವರ್ಲ್ಡ್' ಬಂತು. 2006ರ ಪ್ರವಾಸದಲ್ಲಂತೂ ಆಗಷ್ಟೇ ಹೊರಬಂದ ಧ್ವನಿಮುದ್ರಿಕೆಯನ್ನು ಆದ್ಯಂತವಾಗಿ ವೇದಿಕೆಯ ಮೇಲೆ ನುಡಿಸಿ ಹಲವು ಅಭಿಮಾನಿಗಳ ಅಸಮಾಧಾನಕ್ಕೆ ಗುರಿಯಾದರು. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ಭಾರತದಲ್ಲಿ ಮೊದಲ ಬಾರಿಗೆ ನುಡಿಸಿದಾಗಲೂ ಹೊಸ ಹಾಡುಗಳನ್ನು ಕೈಬಿಡಲಿಲ್ಲ. ಕೇಳುಗರ ಮರ್ಜಿಗಿಂತ ತಮ್ಮ ಹೊಸ ಕೃತಿಯ ಮೇಲೆ ವಿಶ್ವಾಸವಿಡುವ ಹಿರಿಯರು ವಿರಳ.

6

ಕಂಠದ ಮಾತು ಬಂತು. ನಮ್ಮ ಹಿಂದೂಸ್ತಾನಿ ಗಾಯಕರು ವೃದ್ಧಾಪ್ಯದಲ್ಲಿ ಇನ್ನಷ್ಟು ಪಕ್ವವಾದರೆಂದು ಹೇಳುತ್ತೇವೆ. 1992ರಲ್ಲಿ ನಿಧನರಾದ ಮಲ್ಲಿಕಾರ್ಜುನ ಮನ್ಸೂರರನ್ನು ಅವರ ಎಂಬತ್ತರ ಆಸುಪಾಸಿನಲ್ಲಿ ಧಾರವಾಡದಲ್ಲಿ ಕೇಳಿದ ಭಾಗ್ಯ ನನ್ನದು. ಖಯಾಲ್ ಕಂಠಕ್ಕೆ ತಕ್ಕಂತೆ ಬಾಗುತ್ತದೆ. ತಾನು ಸಾಗದಿದ್ದರೆ ಗಾಯಕ ಒಂದು ಸ್ವರದ ಮೇಲೆ ನಿಂತು ರಾಗವನ್ನು ತೋರಿಸಬಲ್ಲ. ಹಾರ್ಡ್ ರಾಕ್ ಹಾಡಿಗೆ ಆ ಸ್ಥಿತಿಸ್ಥಾಪಕತೆ ಇಲ್ಲ. ಇಪ್ಪತ್ತೈದರ ಗಂಟಲಿಗೆಂದೇ ಕಟ್ಟಿದ ಚೀತ್ಕಾರ ಎಪ್ಪತ್ತೈದರಲ್ಲಿ ಎಲ್ಲಿಂದ ಬರಬೇಕು? ಅನೇಕ ತಂಡಗಳು ಶ್ರುತಿಯನ್ನು ಇಳಿಸಿಕೊಂಡಿವೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗಿಲನ್ ತನ್ನ ಅತ್ಯಂತ ಪ್ರಸಿದ್ಧ ಹಾಡುಗಳಲ್ಲೊಂದಾದ 'ಚೈಲ್ಡ್ ಇನ್ ಟೈಮ್' ಅನ್ನು ಎರಡು ದಶಕಗಳಿಗೂ ಹಿಂದೆಯೇ ವೇದಿಕೆಯಿಂದ ಕೈಬಿಟ್ಟ. ಆ ಹಾಡಿಗೆ ಅವನು ಸಲ್ಲಿಸಿದ ಗೌರವ ಅದು. ಮೊದಲೇ ಮುದ್ರಿಸಿಟ್ಟ ಧ್ವನಿಗೆ ತುಟಿಯಾಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ಇನ್ನು ಮಾರುಕಟ್ಟೆಯ ಬಗ್ಗೆ ಎರಡು ಮಾತು. 'ಮೆಷೀನ್ ಹೆಡ್' ಕೃತಿಯನ್ನು ನಾನು ಇದುವರೆಗೆ ಐದು ಬಾರಿ ಕೊಂಡಿದ್ದೇನೆ: ಕ್ಯಾಸೆಟ್ಟಾಗಿ, ತಟ್ಟೆಯಾಗಿ, ಸಿಡಿಯಾಗಿ, ಇಪ್ಪತ್ತೈದನೆಯ ವರ್ಷದ ಪರಿಷ್ಕೃತ ಮುದ್ರಣವಾಗಿ, ಕೊನೆಗೆ 2024ರ ಪೆಟ್ಟಿಗೆಯಾಗಿ. ಈ ಕೊನೆಯದರ ಮರುಮಿಶ್ರಣ ಮಾಡಿದವನು ಡ್ವೀಜಿಲ್ ಜಪ್ಪಾ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನ ಮಾಂಟ್ರೋದಲ್ಲಿ ಇವನ ತಂದೆ ಫ್ರ್ಯಾಂಕ್ ಜಪ್ಪಾನ ಕಛೇರಿ ನಡೆಯುತ್ತಿದ್ದಾಗಲೇ ಕ್ಯಾಸಿನೋಗೆ ಬೆಂಕಿ ಬಿದ್ದು, ಆ ಹೊಗೆಯಿಂದ ತಂಡದ ಜಗತ್ಪ್ರಸಿದ್ಧ ಹಾಡು ಹುಟ್ಟಿತ್ತು. ಇಂಥ ನಂಟು ಕೇಳಿದಾಗ ಅಭಿಮಾನಿಯ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ವ್ಯಾಪಾರಿಗಳು ಇದನ್ನು ಚೆನ್ನಾಗಿ ಬಲ್ಲರು.

ಇದರ ತಾರ್ಕಿಕ ಕೊನೆಯನ್ನು ಅಮೆರಿಕದ ಕಿಸ್ ತಂಡ ತೋರಿಸಿದೆ. 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ವಿದಾಯದ ಕಛೇರಿ ಮುಗಿದ ಕೂಡಲೇ, ಇನ್ನು ಮುಂದೆ ತಮ್ಮ ಗಣಕರಚಿತ ಪ್ರತಿರೂಪಗಳು ವೇದಿಕೆಯ ಮೇಲೆ ಹಾಡಲಿವೆಯೆಂದು ಪ್ರಕಟಿಸಿದರು. ಮರುವರ್ಷ ಹಾಡುಗಳು, ಹೆಸರು, ಮುಖದ ಬಣ್ಣ ಎಲ್ಲವನ್ನೂ ಸ್ವೀಡನ್ನಿನ ಒಂದು ಸಂಸ್ಥೆಗೆ ಮಾರಿದರು. ಪ್ರತಿರೂಪಕ್ಕೆ ವಯಸ್ಸಾಗುವುದಿಲ್ಲ, ಕರಾರಿನ ತಕರಾರಿಲ್ಲ, ಕಂಠ ನಡುಗುವುದಿಲ್ಲ. ವಿಲ್ಲಾ ಪಾರ್ಕಿನ ಕುರ್ಚಿಯಲ್ಲಿ ಕುಳಿತು ನಡುಗುವ ದನಿಯಲ್ಲಿ ಹಾಡಿದ ಮುದುಕನಿಗೂ ಈ ಸಾವಿಲ್ಲದ ಬೊಂಬೆಗೂ ನಡುವೆ ನಾನು ಯಾವುದನ್ನು ಆರಿಸಿಕೊಳ್ಳುತ್ತೇನೆಂದು ಬೇರೆ ಹೇಳಬೇಕಾಗಿಲ್ಲ.

7

ಇಷ್ಟು ಹೇಳಿದ ಮೇಲೆ ನನ್ನ ತೀರ್ಮಾನವನ್ನು ಸಂಗ್ರಹಿಸುತ್ತೇನೆ. ಹಿರಿಯ ತಂಡದ ಮರುಮಿಲನವನ್ನು ಅಳೆಯಲು ನಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಕೂಡಿದವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದಾರೆಯೇ? ಕಟ್ಟಿದವರಿಗೆಲ್ಲ ನ್ಯಾಯವಾದ ಪಾಲು ದೊರೆತಿದೆಯೇ? ಹಳೆಯದನ್ನು ಒಪ್ಪಿಸುವುದರ ಜೊತೆಗೆ, ಸೋತರೂ ಸರಿ, ಹೊಸದೊಂದನ್ನು ಹೇಳುವ ಧೈರ್ಯವಿದೆಯೇ? ಈ ಮೂರರಲ್ಲಿ ಒಂದಾದರೂ ಇದ್ದರೆ ನಾನು ಹಣ ತೆತ್ತು ಕೇಳುತ್ತೇನೆ. ಮೂರೂ ಇಲ್ಲದಿದ್ದರೆ ಹೆಸರೆಷ್ಟೇ ದೊಡ್ಡದಿದ್ದರೂ ಹಳೆಯ ಕ್ಯಾಸೆಟ್ಟೇ ಸಾಕು.

ಈ ಪ್ರಶ್ನೆಗಳು ನಮಗೂ ಪೂರ್ತಿ ಹೊರಗಿನವಲ್ಲ ಎಂದು ಆರಂಭದಲ್ಲಿ ಹೇಳಿದೆ. ನಾವು ಪ್ರತಿ ನವೆಂಬರಿನಲ್ಲಿ ಕೂಡುತ್ತೇವೆ. ಅದೇ ಗೀತೆಗಳು, ಅದೇ ನಾಟಕದ ಅದೇ ಎರಡು ದೃಶ್ಯಗಳು. ಸ್ಥಾಪಕರಲ್ಲಿ ಬಹುತೇಕರು ಈಗಿಲ್ಲ, ಹೆಸರು ಉಳಿದಿದೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮೊದಲು ಕೇಳುವ ಕನ್ನಡದ ಕಾರ್ಯಕ್ರಮ ಇದು. ಊರಿನ ಮೂಲವನ್ನು ಅವರು ಕೇಳಿಲ್ಲ. ನಮಗೆ 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಹೇಗೋ ಅವರಿಗೆ ನಮ್ಮ ಈ ಮರುಮಿಲನವೇ ಮೊದಲ ಧ್ವನಿಮುದ್ರಿಕೆ. ಅದು ಮಸುಕಾದ ನೆರಳಾಗಿ ಕೇಳಿಸುತ್ತದೆಯೋ ಜೀವಂತವಾಗಿ ಕೇಳಿಸುತ್ತದೆಯೋ ಎಂಬುದು ನಾವು ಏನನ್ನು, ಹೇಗೆ ನುಡಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ಈ ವರ್ಷದ ಕಾರ್ಯಕ್ರಮದಲ್ಲಿ ಹಳೆಯ ಎರಡು ದೃಶ್ಯಗಳ ನಂತರ, ಈ ನಗರದ ಬದುಕನ್ನು ಕುರಿತು ನಮ್ಮವರೇ ಯಾರಾದರೂ ಬರೆದ ಒಂದು ಹೊಸ ದೃಶ್ಯವೂ ಇರಲಿ ಎಂಬುದು ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ. ಅದು ಚೆನ್ನಾಗಿ ಬಾರದಿದ್ದರೂ ಚಿಂತೆಯಿಲ್ಲ.

ಧ್ವನಿವರ್ಧಕಕ್ಕೆ ಹಾನಿಯಾಗಿಲ್ಲವೆಂದು ಕಾರ್ಯದರ್ಶಿಗಳಿಗೆ ತಿಳಿಸುತ್ತ ನನ್ನ ಮಾತನ್ನು ಮುಗಿಸುತ್ತೇನೆ.